ಸಂಶಯ ಹಟವಾದಾಗ

2000ನೇ ಇಸವಿಯ ಜುಲೈ ತಿಂಗಳಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಒಂದು ವಿಚಿತ್ರ ಪ್ರಕಟಣೆ ಬಂತು. ಅದಕ್ಕೆ 5,000ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ವೈದ್ಯರು ಸಹಿ ಹಾಕಿದ್ದರು. ಹೊಸ ಸಂಶೋಧನೆಯೇನೂ ಅದರಲ್ಲಿರಲಿಲ್ಲ. ಏಡ್ಸ್ ರೋಗಕ್ಕೆ ಕಾರಣ ಎಚ್‌ಐವಿ ಎಂಬ ವೈರಸ್ ಎಂಬುದೇ ಅದರ ಒಟ್ಟು ಸಾರಾಂಶ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಆ ವೈರಸ್ಸನ್ನು ಗುರುತಿಸಿ ಆಗಲೇ 17 ವರ್ಷಗಳಾಗಿದ್ದವು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದಕ್ಕೆ ಯಾರೂ ಸಹಿ ಸಂಗ್ರಹಿಸುವುದಿಲ್ಲ. ತಿಳಿದ ಸಂಗತಿಗೇ ಐದು ಸಾವಿರ ಜನ ರುಜು ಹಾಕಬೇಕಾಯಿತೆಂದರೆ, ಬಲವುಳ್ಳವರು ಯಾರೋ ಅದನ್ನು ಅಲ್ಲಗಳೆಯುತ್ತಿದ್ದಾರೆ ಎಂದೇ ಅರ್ಥ.

ಅಲ್ಲಗಳೆಯುತ್ತಿದ್ದವರು ದಕ್ಷಿಣ ಆಫ್ರಿಕದ ಅಧ್ಯಕ್ಷ ಥಾಬೊ ಎಂಬೆಕಿ. ಅದೇ ತಿಂಗಳು ಆ ದೇಶದ ಕಡಲತೀರದ ನಗರ ಡರ್ಬನ್ನಿನಲ್ಲಿ 13ನೇ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆಯುವುದಿತ್ತು. ಈ ಸಮ್ಮೇಳನ ಆಫ್ರಿಕ ಖಂಡಕ್ಕೆ ಬಂದದ್ದು ಅದೇ ಮೊದಲು. ಆತಿಥೇಯ ದೇಶದ ಅಧ್ಯಕ್ಷರೇ ರೋಗದ ಮೂಲಕಾರಣದ ಬಗ್ಗೆ ತಕರಾರು ತೆಗೆದಿದ್ದರಿಂದ ವಿಜ್ಞಾನಿಗಳು ಈ ‘ಡರ್ಬನ್ ಘೋಷಣೆ’ಯನ್ನು ಹೊರಡಿಸಿದರು. ಅದರ ಜಾಗ ಕಸದ ಬುಟ್ಟಿ ಎಂದು ಅಧ್ಯಕ್ಷರ ವಕ್ತಾರರು ಉತ್ತರ ಕೊಟ್ಟರು. ಆ ಹೊತ್ತಿಗೆ ದಕ್ಷಿಣ ಆಫ್ರಿಕದ ಸರ್ಕಾರಿ ಆಸ್ಪತ್ರೆಗಳಿಗೆ ಬರುತ್ತಿದ್ದ ಗರ್ಭಿಣಿಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ ಸೋಂಕು ತಗಲಿತ್ತು.

ವಿಜ್ಞಾನವನ್ನು ಅಲ್ಲಗಳೆಯುವುದು ಎಂದೊಡನೆ ಅನೇಕರ ಕಣ್ಣಮುಂದೆ ಬರುವುದು ಓದುಬರಹ ತಿಳಿಯದವರ ಚಿತ್ರ. ಲಸಿಕೆ ಹಾಕುವವರನ್ನು ಕಂಡು ಬಾಗಿಲು ಹಾಕಿಕೊಳ್ಳುವವರು, ಜ್ವರಕ್ಕೆ ತಾಯಿತ ಕಟ್ಟಿಸಿಕೊಳ್ಳುವವರು. ಎಂಬೆಕಿ ಅಂಥವರಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವರು, ಅಪಾರವಾಗಿ ಪುಸ್ತಕ ಓದುವವರು, ವರ್ಣಭೇದ ಸರ್ಕಾರದ ವಿರುದ್ಧ ದಶಕಗಳ ಕಾಲ ಪರದೇಶದಲ್ಲಿದ್ದು ಹೋರಾಡಿದವರು, ನೆಲ್ಸನ್ ಮಂಡೇಲ ಅವರ ಉತ್ತರಾಧಿಕಾರಿ. ಅವರ ಆರೋಗ್ಯ ಸಚಿವೆ ಮಾಂಟೊ ಶಬಲಾಲ ಎಂಸಿಮಾಂಗ್ ಸ್ವತಃ ವೈದ್ಯೆ. ಇಂಥವರ ಕೈಯಲ್ಲಿ ಇಂಥ ಅನಾಹುತ ಹೇಗೆ ನಡೆಯಿತು? ಅದನ್ನು ತಡೆದವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ, ರಾಜಕೀಯ ಮತ್ತು ವಿಜ್ಞಾನದ ಸಂಬಂಧದ ಬಗ್ಗೆ ಎಲ್ಲ ದೇಶಗಳಿಗೂ ಅನ್ವಯಿಸುವ ಒಂದು ಪಾಠ ಸಿಗುತ್ತದೆ.

ಮೊದಲು ರೋಗದ ವಿಚಾರ. ಮನುಷ್ಯನ ರಕ್ತದಲ್ಲಿ ಕಾವಲುಗಾರರಂತಿರುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಉಳಿದವುಗಳಿಗೆ ಅಪಾಯದ ಸೂಚನೆ ಕೊಡುತ್ತವೆ. ಎಚ್‌ಐವಿ ಹೊಕ್ಕುವುದು ಇವುಗಳೊಳಗೆ. ಹೊಕ್ಕ ವೈರಸ್ ಆ ಕಣದ ವ್ಯವಸ್ಥೆಯನ್ನೇ ಬಳಸಿಕೊಂಡು ತನ್ನ ಸಂತತಿ ಬೆಳೆಸುತ್ತದೆ, ಕಣ ಸಾಯುತ್ತದೆ. ಇದು ಒಂದೆರಡು ದಿನಗಳ ಕೆಲಸವಲ್ಲ. ಸೋಂಕು ತಗಲಿ ಎಂಟು ಹತ್ತು ವರ್ಷಗಳವರೆಗೆ ಮನುಷ್ಯ ಆರೋಗ್ಯವಾಗಿಯೇ ಕಾಣಬಹುದು. ಆಮೇಲೆ ಕಾವಲು ಕುಸಿದು ಕ್ಷಯ, ನ್ಯುಮೋನಿಯ, ಭೇದಿ ಒಂದೊಂದಾಗಿ ಮುತ್ತಿಕೊಳ್ಳುತ್ತವೆ. ಸಾವಿನ ದಾಖಲೆಯಲ್ಲಿ ಕ್ಷಯ ಎಂದೇ ಬರೆದಿರುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇರುವ ಈ ದೀರ್ಘ ಅಂತರವೇ ಅಲ್ಲಗಳೆಯುವವರಿಗೆ ಜಾಗ ಮಾಡಿಕೊಟ್ಟಿತು. ಬೆಳಿಗ್ಗೆ ಹಿಡಿದು ಸಂಜೆಗೆ ಕೊಲ್ಲಬಲ್ಲ ಕಾಲರಾ ವಿಷಯದಲ್ಲಿ ಹೀಗೆ ವಾದ ಮಾಡುವುದು ಕಷ್ಟ.

ಔಷಧದ ಚರಿತ್ರೆಯೂ ಚಿಕ್ಕದೇ. 1987ರಲ್ಲಿ ಎಝಡ್‌ಟಿ ಎಂಬ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಗರ್ಭಿಣಿಗೆ ಈ ಔಷಧ ಕೊಟ್ಟರೆ ಮಗುವಿಗೆ ಸೋಂಕು ದಾಟುವ ಸಂಭವ ಮೂರನೇ ಎರಡು ಪಾಲಿನಷ್ಟು ತಗ್ಗುತ್ತದೆ ಎಂಬುದು 1994ರಲ್ಲಿ ಸಿದ್ಧವಾಯಿತು. 1996ರ ಹೊತ್ತಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದು, ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋಗುವಂತಾಯಿತು. ಈ ಔಷಧಗಳು ವೈರಸ್ಸನ್ನು ನಿರ್ಮೂಲ ಮಾಡುವುದಿಲ್ಲ, ಅದರ ಬೆಳವಣಿಗೆಯನ್ನು ಕಟ್ಟಿಹಾಕುತ್ತವೆ. ಜೀವನಪೂರ್ತಿ ತಪ್ಪದೆ ತೆಗೆದುಕೊಳ್ಳಬೇಕು. ಆದರೆ ಬೆಲೆ? ಒಬ್ಬ ರೋಗಿಗೆ ವರ್ಷಕ್ಕೆ 10,000ದಿಂದ 15,000 ಡಾಲರ್. ಸತ್ತು ಬದುಕುವ ವ್ಯತ್ಯಾಸವನ್ನು ಈ ಬೆಲೆ ನಿರ್ಧರಿಸುತ್ತಿತ್ತು.

ದಕ್ಷಿಣ ಆಫ್ರಿಕದಲ್ಲಿ ರೋಗ ಹರಡಿದ ವೇಗ ದಿಗ್ಭ್ರಮೆ ಹುಟ್ಟಿಸುವಂಥದು. 1990ರಲ್ಲಿ ಅಲ್ಲಿನ ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರಿಗೂ ಸೋಂಕಿರಲಿಲ್ಲ. ಹತ್ತು ವರ್ಷಗಳಲ್ಲಿ ಆ ಪ್ರಮಾಣ ಶೇ. 24.5ಕ್ಕೆ ಏರಿತು. ಇದಕ್ಕೆ ಇತಿಹಾಸದ ಹಿನ್ನೆಲೆಯಿದೆ. ಚಿನ್ನದ ಗಣಿಗಳಿಗೆ ಹಳ್ಳಿಗಳಿಂದಲೂ ನೆರೆಯ ದೇಶಗಳಿಂದಲೂ ಗಂಡಸರನ್ನು ಕರೆತಂದು, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಡಿಸಿ, ವರ್ಷದಲ್ಲಿ ಹನ್ನೊಂದು ತಿಂಗಳು ವಠಾರಗಳಲ್ಲಿ ಕೂಡಿಹಾಕುವ ಪದ್ಧತಿ ಬಿಳಿಯರ ಆಳ್ವಿಕೆಯಲ್ಲಿ ಬೆಳೆದಿತ್ತು. ಒಡೆದ ಸಂಸಾರಗಳ ಆ ದಾರಿಯಲ್ಲೇ ವೈರಸ್ ಓಡಾಡಿತು. 1994ರಲ್ಲಿ ಸ್ವಾತಂತ್ರ್ಯ ಪಡೆದ ಕರಿಯರ ಸರ್ಕಾರಕ್ಕೆ ಹಿಂದಿನವರು ಬಿಟ್ಟುಹೋದ ಪಿತ್ರಾರ್ಜಿತ ಸಾಲಗಳಲ್ಲಿ ಇದೂ ಒಂದು.

ಹೊಸ ಸರ್ಕಾರ ಎಡವಿದ ಮೊದಲ ಹೆಜ್ಜೆ 1997ರದು. ಪ್ರಿಟೋರಿಯದ ಕೆಲವು ಸಂಶೋಧಕರು ‘ವೈರೊಡಿನ್’ ಎಂಬ ಸ್ವದೇಶಿ ಔಷಧ ಕಂಡುಹಿಡಿದಿರುವುದಾಗಿ ಸಚಿವ ಸಂಪುಟದ ಮುಂದೆಯೇ ಬಂದು ಹೇಳಿಕೊಂಡರು. ಆಗ ಉಪಾಧ್ಯಕ್ಷರಾಗಿದ್ದ ಎಂಬೆಕಿ ಅವರ ಬೆನ್ನಿಗೆ ನಿಂತರು. ಪರಿಶೀಲಿಸಿದರೆ ಅದು ಕಾರ್ಖಾನೆಗಳಲ್ಲಿ ಬಳಸುವ ಒಂದು ರಾಸಾಯನಿಕ ದ್ರಾವಕ! ಔಷಧ ನಿಯಂತ್ರಣ ಮಂಡಳಿ ಮನುಷ್ಯರ ಮೇಲೆ ಅದರ ಪ್ರಯೋಗಕ್ಕೆ ಅನುಮತಿ ನಿರಾಕರಿಸಿತು. 1998ರಲ್ಲಿ ಆ ಮಂಡಳಿಯ ಅಧ್ಯಕ್ಷರನ್ನೇ ಬದಲಾಯಿಸಲಾಯಿತು. ತಜ್ಞರ ‘ಇಲ್ಲ’ ಎಂಬ ಮಾತು ಆಳುವವರ ಕಿವಿಗೆ ವೈರಿಯ ಮಾತಿನಂತೆ ಕೇಳಿಸತೊಡಗಿದ್ದು ಇಲ್ಲಿಂದ.

1999ರ ಜೂನ್‌ನಲ್ಲಿ ಎಂಬೆಕಿ ಅಧ್ಯಕ್ಷರಾದರು. ಅಕ್ಟೋಬರಿನಲ್ಲಿ ಸಂಸತ್ತಿನ ಮೇಲ್ಮನೆಯಲ್ಲಿ ಮಾತನಾಡುತ್ತ, ಎಝಡ್‌ಟಿ ವಿಷಕಾರಿ ಎಂಬ ಆತಂಕ ವ್ಯಕ್ತಪಡಿಸಿದರು. ಈ ಬಗ್ಗೆ ಅಂತರಜಾಲದಲ್ಲಿ ಬೇಕಾದಷ್ಟು ಸಾಹಿತ್ಯವಿದೆ, ಓದಿ ನೋಡಿ ಎಂದು ಸದಸ್ಯರಿಗೆ ಸಲಹೆ ಮಾಡಿದರು. ಆ ಸಾಹಿತ್ಯದ ಮುಖ್ಯ ಮೂಲ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪೀಟರ್ ಡ್ಯೂಸ್‌ಬರ್ಗ್. ಅವರು ವೈರಸ್‌ಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದವರೇ. 1987ರಿಂದ ಮಾತ್ರ, ಎಚ್‌ಐವಿ ನಿರಪಾಯಕಾರಿ, ಏಡ್ಸ್‌ಗೆ ಕಾರಣ ಮಾದಕ ವಸ್ತುಗಳು ಮತ್ತು ಎಝಡ್‌ಟಿಯಂಥ ಔಷಧಗಳು ಎಂದು ವಾದಿಸುತ್ತ ಬಂದಿದ್ದರು. ಮಾದಕ ವಸ್ತು ಮುಟ್ಟದ, ಔಷಧದ ಮುಖವನ್ನೇ ಕಾಣದ ಆಫ್ರಿಕದ ಹೆಂಗಸರೂ ಕೂಸುಗಳೂ ಸಾಯುತ್ತಿರುವುದಕ್ಕೆ ಅವರಲ್ಲಿ ಒಪ್ಪುವಂಥ ಉತ್ತರವಿರಲಿಲ್ಲ.

2000ದಲ್ಲಿ ಎಂಬೆಕಿ ಒಂದು ಸಲಹಾ ಮಂಡಳಿ ರಚಿಸಿದರು. ಏಡ್ಸ್ ತಜ್ಞರ ಎದುರಿಗೆ ಡ್ಯೂಸ್‌ಬರ್ಗ್ ಮತ್ತು ಅವರ ಸಂಗಡಿಗರನ್ನು ಕೂರಿಸಿ ಚರ್ಚೆ ಮಾಡಿಸಿದರು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಎರಡೂ ಕಡೆಯ ಮಾತು ಕೇಳುವುದು ಪಂಚಾಯಿತಿಯ ಧರ್ಮ. ಆದರೆ ಸಾವಿರಾರು ಪ್ರಯೋಗಗಳಿಂದ ಗಟ್ಟಿಯಾದ ತಿಳಿವಳಿಕೆಯನ್ನೂ ಬೆರಳೆಣಿಕೆಯ ಜನರ ಅಭಿಪ್ರಾಯವನ್ನೂ ಒಂದೇ ತಕ್ಕಡಿಯಲ್ಲಿ ಸಮನಾಗಿ ತೂಗಿದರೆ ಆಗುವುದು ನ್ಯಾಯವಲ್ಲ, ತೂಕದ ಮೋಸ. 2001ರಲ್ಲಿ ಬಂದ ಮಂಡಳಿಯ ವರದಿಯಲ್ಲಿ ಎರಡು ಗುಂಪುಗಳ ಶಿಫಾರಸುಗಳು ಪಕ್ಕಪಕ್ಕದಲ್ಲೇ ಬೇರೆ ಬೇರೆಯಾಗಿ ನಿಂತಿದ್ದವು. ತೀರ್ಮಾನ ಏನೂ ಆಗಲಿಲ್ಲ. ಕಾಲ ಮಾತ್ರ ಕಳೆಯಿತು.

ಇಷ್ಟನ್ನೇ ಹೇಳಿ ಎಂಬೆಕಿಯವರನ್ನು ಮೂರ್ಖರೆಂದು ತಳ್ಳಿಹಾಕಿದರೆ ಕಥೆಯ ಅರ್ಧ ಬಿಟ್ಟುಹೋಗುತ್ತದೆ. ಅವರ ಸಂಶಯಕ್ಕೆ ಆಧಾರವಿತ್ತು. ವರ್ಣಭೇದದ ಸರ್ಕಾರ ಒಬ್ಬ ವೈದ್ಯನ ನೇತೃತ್ವದಲ್ಲೇ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ರಹಸ್ಯ ಯೋಜನೆ ನಡೆಸಿತ್ತೆಂಬುದು 1998ರ ಸತ್ಯ ಮತ್ತು ಸಂಧಾನ ಆಯೋಗದ ವಿಚಾರಣೆಯಲ್ಲಿ ಬಯಲಾಗಿತ್ತು. ಆಫ್ರಿಕದವರು ಸಂಯಮವಿಲ್ಲದವರು, ರೋಗ ಹರಡುವವರು ಎಂಬ ಬಿಳಿಯರ ಹಳೆಯ ನಿಂದೆ ಏಡ್ಸ್ ಚರ್ಚೆಯಲ್ಲಿ ಹೊಸ ವೇಷ ಹಾಕಿ ಬಂದಿತ್ತು. ಅಮೆರಿಕದ ಸರ್ಕಾರಿ ನೆರವು ಸಂಸ್ಥೆಯ ಮುಖ್ಯಸ್ಥರೇ 2001ರಲ್ಲಿ, ಆಫ್ರಿಕದ ಬಹಳ ಜನರಿಗೆ ಗಡಿಯಾರದ ಸಮಯ ತಿಳಿಯದು, ಅವರು ಹೊತ್ತು ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಲಾರರು ಎಂಬರ್ಥದ ಮಾತಾಡಿದ್ದರು. ಅದೇ ವರ್ಷ ಕೇಪ್‌ಟೌನಿನ ಖಯೆಲಿಟ್ಷ ಎಂಬ ಬಡವರ ಬಡಾವಣೆಯಲ್ಲಿ ಫ್ರಾನ್ಸ್ ಮೂಲದ ವೈದ್ಯರ ಸಂಘಟನೆಯೊಂದು ಚಿಕಿತ್ಸೆ ಆರಂಭಿಸಿತು. ತಗಡಿನ ಮನೆಗಳಲ್ಲಿ ಬದುಕುವವರೂ ಮಾತ್ರೆ ತಪ್ಪಿಸುವುದಿಲ್ಲ ಎಂಬುದು ಅಲ್ಲಿ ಸಿದ್ಧವಾಯಿತು.

ಔಷಧ ಕಂಪನಿಗಳ ನಡತೆಯಂತೂ ಸಂಶಯಕ್ಕೆ ತುಪ್ಪ ಸುರಿಯಿತು. ಕಡಿಮೆ ಬೆಲೆಯ ಔಷಧ ತರಿಸಲು ಅವಕಾಶ ಕೊಡುವ ಕಾನೂನನ್ನು ದಕ್ಷಿಣ ಆಫ್ರಿಕ 1997ರಲ್ಲಿ ಮಾಡಿದಾಗ, ಮರುವರ್ಷವೇ ಕಂಪನಿಗಳು ನ್ಯಾಯಾಲಯಕ್ಕೆ ಹೋಗಿ ಅದನ್ನು ತಡೆದವು. ದಾವೆ ಹೂಡಿದ್ದ 39 ಕಂಪನಿಗಳು ಜಗತ್ತಿನ ಛೀಮಾರಿಗೆ ಹೆದರಿ 2001ರ ಏಪ್ರಿಲ್‌ನಲ್ಲಿ ಅದನ್ನು ಹಿಂತೆಗೆದುಕೊಂಡವು. ಅದಕ್ಕೆ ಎರಡು ತಿಂಗಳ ಮುಂಚೆ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುವುದಾಗಿ ಸಾರಿ ಬೆಲೆಯ ಕೋಟೆಯನ್ನೇ ಒಡೆದಿದ್ದರು. ವಿಜ್ಞಾನದ ಹೆಸರಿನಲ್ಲಿ ಸುಲಿಗೆಯೂ ಅವಮಾನವೂ ನಡೆದಿದ್ದವು ಎಂಬುದು ನಿಜ.

ಆದರೆ ಎಡವಟ್ಟು ಆಗುವುದು ಸರಿಯಾಗಿ ಇಲ್ಲೇ. ಮಾರುವವನ ಮೇಲಿನ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆ ಸಿಟ್ಟು ಮಾರುವ ವಸ್ತುವಿನ ಗುಣದ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಅಕ್ಕಿ ವ್ಯಾಪಾರಿ ದಗಾಕೋರನೆಂದು ಅನ್ನ ವಿಷವಾಗುವುದಿಲ್ಲ. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಇಟ್ಟಂತೆ, ಕಂಪನಿಗಳ ಮೇಲಿನ ಕೋಪ ಔಷಧದ ಮೇಲೆ ತಿರುಗಿತು. ದಾವೆ ಬಿದ್ದುಹೋಗಿ ಅಗ್ಗದ ಔಷಧಕ್ಕೆ ದಾರಿ ತೆರೆದಾಗಲೂ ಸರ್ಕಾರ ಕೈಚಾಚಲಿಲ್ಲ. ಸಮಸ್ಯೆ ಬೆಲೆಯದಷ್ಟೇ ಆಗಿದ್ದರೆ ಅಂದೇ ಮುಗಿಯಬೇಕಿತ್ತು.

ಡರ್ಬನ್ ಸಮ್ಮೇಳನವನ್ನು ಉದ್ಘಾಟಿಸುತ್ತ ಎಂಬೆಕಿ, ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ಕೊಲ್ಲುವುದು ಬಡತನ, ಎಲ್ಲವನ್ನೂ ಒಂದೇ ವೈರಸ್ಸಿನ ತಲೆಗೆ ಕಟ್ಟಲಾಗದು ಎಂದು ವಾದಿಸಿದ್ದರು. ಸುಳ್ಳಿಗಿಂತ ಅರ್ಧಸತ್ಯ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಇದೊಂದು ನಿದರ್ಶನ. ಬಡತನ ರೋಗಕ್ಕೆ ದಾರಿ ಮಾಡಿಕೊಡುತ್ತದೆ, ಬೇಗ ಕೊಲ್ಲುತ್ತದೆ ಎಂಬುದನ್ನು ಯಾವ ವೈದ್ಯನೂ ಅಲ್ಲಗಳೆಯುವುದಿಲ್ಲ. ಕ್ಷಯಕ್ಕೂ ಬಡತನಕ್ಕೂ ಇರುವ ನಂಟು ಹಳೆಯದು. ಹಾಗೆಂದು ಬಡತನ ನಿರ್ಮೂಲವಾಗುವವರೆಗೆ ಕ್ಷಯರೋಗಿಗೆ ಮಾತ್ರೆ ಕೊಡದೆ ಇರುವುದುಂಟೆ? ಅದೇ ಸಮ್ಮೇಳನದ ವೇದಿಕೆಯಲ್ಲಿ ಎನ್‌ಕೋಸಿ ಜಾನ್ಸನ್ ಎಂಬ 11 ವರ್ಷದ ಹುಡುಗ, ಗರ್ಭಿಣಿಯರಿಗೆ ಎಝಡ್‌ಟಿ ಕೊಡಬೇಕೆಂದು ಸರ್ಕಾರವನ್ನು ಕೇಳಿಕೊಂಡ. ಅವನಿಗೆ ಹುಟ್ಟಿನಿಂದಲೇ ಸೋಂಕಿತ್ತು. 2001ರ ಜೂನ್ 1ರಂದು ಅವನು ತೀರಿಕೊಂಡ.

ಆ ಹುಡುಗ ಕೇಳಿದ್ದು ಅಸಾಧ್ಯವಾದದ್ದೇನಲ್ಲ. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಗರ್ಭದಲ್ಲೋ ಹೆರಿಗೆಯಲ್ಲೋ ಎದೆಹಾಲಿನಿಂದಲೋ ಸೋಂಕು ತಗಲುತ್ತದೆ. ಉಗಾಂಡದಲ್ಲಿ ನಡೆದ ಅಧ್ಯಯನದ ಫಲಿತಾಂಶ 1999ರಲ್ಲಿ ಬಂತು: ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಪಿನ್ ಎಂಬ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಅದೇ ಔಷಧದ ಕೆಲವು ಹನಿ. ಇಷ್ಟು ಮಾಡಿದರೆ ಸೋಂಕು ಹೆಚ್ಚುಕಡಿಮೆ ಅರ್ಧದಷ್ಟು ತಗ್ಗುತ್ತದೆ. 2000ದಲ್ಲಿ ಜರ್ಮನಿಯ ತಯಾರಕ ಕಂಪನಿ ಐದು ವರ್ಷ ಇದನ್ನು ಪುಕ್ಕಟೆ ಕೊಡುವುದಾಗಿ ಮುಂದೆ ಬಂತು. ಸರ್ಕಾರ ಒಂಬತ್ತು ಪ್ರಾಂತ್ಯಗಳಲ್ಲಿ ತಲಾ ಎರಡು ಕೇಂದ್ರಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿತು. ಸರ್ಕಾರಿ ಆಸ್ಪತ್ರೆಯ ಹೆರಿಗೆಗಳಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಆ ಕೇಂದ್ರಗಳಲ್ಲಿ ಆಗುತ್ತಿದ್ದವು. ಉಳಿದೆಡೆ ವೈದ್ಯರಿಗೆ ಔಷಧ ಗೊತ್ತಿದ್ದರೂ, ತಾಯಿ ಎದುರಿಗೇ ನರಳುತ್ತಿದ್ದರೂ, ಕೊಡುವ ಹಾಗಿರಲಿಲ್ಲ.

ಇತ್ತ ಆರೋಗ್ಯ ಸಚಿವೆ ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟ್, ಆಲಿವ್ ಎಣ್ಣೆಗಳ ಗುಣಗಾನ ಮಾಡುತ್ತಿದ್ದರು. 2006ರಲ್ಲಿ ಕೆನಡದ ಟೊರಾಂಟೊ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕದ ಮಳಿಗೆಯಲ್ಲಿ ಇವನ್ನು ಸಾಲಾಗಿ ಜೋಡಿಸಿಟ್ಟದ್ದು ಜಗತ್ತಿನ ನಗೆಪಾಟಲಾಯಿತು. ಒಳ್ಳೆಯ ಆಹಾರ ರೋಗಿಗೆ ಬೇಕು. ಬೆಳ್ಳುಳ್ಳಿಯಿಂದ ಯಾರಿಗೂ ಕೇಡಿಲ್ಲ. ಕೇಡಿರುವುದು ‘ಇದೋ ಅದೋ ನೀವೇ ಆರಿಸಿಕೊಳ್ಳಿ’ ಎಂದು ಸರ್ಕಾರವೇ ಹೇಳುವುದರಲ್ಲಿ. ಆ ಸಂದಿಯಲ್ಲಿ ನುಸುಳಿದವರೂ ಉಂಟು. ಮಥಿಯಾಸ್ ರಾಟ್ ಎಂಬ ಜರ್ಮನ್ ವಿಟಮಿನ್ ವ್ಯಾಪಾರಿ, ಏಡ್ಸ್ ಔಷಧಗಳು ವಿಷ, ತನ್ನ ವಿಟಮಿನ್ನೇ ಮದ್ದು ಎಂದು ಖಯೆಲಿಟ್ಷದ ಬಡವರ ನಡುವೆ ಪ್ರಚಾರ ನಡೆಸಿದ. 2008ರಲ್ಲಿ ಕೇಪ್ ಹೈಕೋರ್ಟ್ ಅವನ ಪ್ರಯೋಗಗಳು ಕಾನೂನುಬಾಹಿರ ಎಂದು ತೀರ್ಪು ಕೊಡಬೇಕಾಯಿತು. ಕಂಪನಿಗಳ ಲಾಭಕೋರತನವನ್ನು ವಿರೋಧಿಸಿ ಹೊರಟವರು ಕಡೆಗೆ ಇನ್ನೊಬ್ಬ ವ್ಯಾಪಾರಿಗೆ ಅಂಗಡಿ ತೆರೆದುಕೊಟ್ಟಂತಾಯಿತು.

ಈಗ ಎರಡನೆಯ ಪ್ರಶ್ನೆ: ತಡೆದವರು ಯಾರು? ವಿಜ್ಞಾನಿಗಳ ಐದು ಸಾವಿರ ಸಹಿಗಳಿಂದ ಆಗದ ಕೆಲಸವನ್ನು ಮಾಡಿದ್ದು ರೋಗಿಗಳ ಸಂಘಟನೆ. 1998ರ ಡಿಸೆಂಬರಿನಲ್ಲಿ ಝಾಕಿ ಅಖ್ಮತ್ ಮತ್ತು ಸಂಗಡಿಗರು ‘ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್’ ಎಂಬ ಚಳವಳಿ ಆರಂಭಿಸಿದ್ದರು. ಸ್ವತಃ ಸೋಂಕಿತರಾಗಿದ್ದ ಅಖ್ಮತ್, ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವವರೆಗೆ ತಾನೂ ಔಷಧ ಮುಟ್ಟುವುದಿಲ್ಲವೆಂದು ವ್ರತ ತೊಟ್ಟರು. ಈ ಚಳವಳಿಯ ವಿಶೇಷವೆಂದರೆ, ಅದು ಕಂಪನಿಗಳ ಸುಲಿಗೆಯ ವಿರುದ್ಧವೂ ಸರ್ಕಾರದ ಹಟದ ವಿರುದ್ಧವೂ ಏಕಕಾಲಕ್ಕೆ ಹೋರಾಡಿತು. ಕಂಪನಿಗಳ ದಾವೆಯಲ್ಲಿ ಅದು ಸರ್ಕಾರದ ಪರ ನಿಂತಿತ್ತು. ನೆವಿರಪಿನ್ ವಿಷಯದಲ್ಲಿ ಅದೇ ಸರ್ಕಾರವನ್ನು ಕಟಕಟೆಗೆ ಎಳೆಯಿತು. ಬೀದಿಯಲ್ಲಿ ಮೆರವಣಿಗೆ ಮಾಡಿದಷ್ಟೇ ಶ್ರದ್ಧೆಯಿಂದ, ವೈರಸ್ ಎಂದರೇನು, ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನೆಮನೆಯ ಭಾಷೆಯಲ್ಲಿ ಕಲಿಸಿತು.

2001ರ ಡಿಸೆಂಬರಿನಲ್ಲಿ ಪ್ರಿಟೋರಿಯ ಹೈಕೋರ್ಟ್ ಚಳವಳಿಯ ಪರ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಹೋಯಿತು. ವರ್ಷಕ್ಕೆ ಸುಮಾರು 70,000 ಮಕ್ಕಳಿಗೆ ತಾಯಿಯಿಂದ ಸೋಂಕು ತಗಲುತ್ತಿದೆ ಎಂಬ ಅಂದಾಜು ನ್ಯಾಯಾಲಯದ ಮುಂದಿತ್ತು. 2002ರ ಜುಲೈ 5ರಂದು ಸಂವಿಧಾನ ನ್ಯಾಯಾಲಯ, ನೆವಿರಪಿನ್ ಕೊಡುವುದಕ್ಕೆ ಇದ್ದ ನಿರ್ಬಂಧವನ್ನು ತಡಮಾಡದೆ ತೆಗೆದುಹಾಕಬೇಕೆಂದು ಆದೇಶಿಸಿತು. ಆರೋಗ್ಯ ಸೇವೆ ಪಡೆಯುವುದು ಸಂವಿಧಾನ ಕೊಟ್ಟ ಹಕ್ಕು ಎಂಬುದು ತೀರ್ಪಿನ ತಿರುಳು. ವೈರಸ್ಸಿನ ಬಗ್ಗೆ ಅಧ್ಯಕ್ಷರ ಅಭಿಪ್ರಾಯವೇನು ಎಂಬ ಗೊಡವೆಗೆ ನ್ಯಾಯಾಲಯ ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ.

2003ರಲ್ಲಿ ಸರ್ಕಾರ ಚಿಕಿತ್ಸೆಯ ಯೋಜನೆಯನ್ನು ಒಪ್ಪಿತು. 2004ರಲ್ಲಿ ಅದು ಕುಂಟುತ್ತ ಶುರುವಾಯಿತು. ಅದೇ 2004ರ ಏಪ್ರಿಲ್ 1ರಂದು ಭಾರತವೂ ಉಚಿತ ಚಿಕಿತ್ಸೆ ಆರಂಭಿಸಿತೆಂಬುದನ್ನು ಇಲ್ಲಿ ನೆನೆಯಬಹುದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮೊದಲು ಅದು ಜಾರಿಗೆ ಬಂತು, ಕರ್ನಾಟಕ ಅವುಗಳಲ್ಲೊಂದು. ಇಲ್ಲಿಯೂ ಭಯವಿತ್ತು, ಕಳಂಕವಿತ್ತು, ರೋಗಿಗಳನ್ನು ದೂರವಿಡುವ ಕ್ರೌರ್ಯವಿತ್ತು. ಆದರೆ ರೋಗದ ಕಾರಣ ಯಾವುದೆಂಬ ಬಗ್ಗೆ ಸರ್ಕಾರಕ್ಕೆ ಗೊಂದಲವಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಆ ಗೊಂದಲ ಪೂರ್ತಿ ಹೋದದ್ದು 2008ರ ಸೆಪ್ಟೆಂಬರಿನಲ್ಲಿ ಎಂಬೆಕಿ ಅಧಿಕಾರ ಬಿಟ್ಟ ಮೇಲೆ. ಹೊಸ ಆರೋಗ್ಯ ಸಚಿವೆ ಬಾರ್ಬರ ಹೊಗನ್ ಬಂದು ಕೆಲವೇ ವಾರಗಳಲ್ಲಿ, ಏಡ್ಸ್‌ಗೆ ಎಚ್‌ಐವಿಯೇ ಕಾರಣ ಎಂದು ಬಹಿರಂಗವಾಗಿ ಹೇಳಿದರು.

ಲೆಕ್ಕ ಹಾಕುವ ಕೆಲಸ ಆಮೇಲೆ ನಡೆಯಿತು. ನೆರೆಯ ಬೋಟ್ಸ್‌ವಾನ ಮತ್ತು ನಮೀಬಿಯಗಳು ಆ ವರ್ಷಗಳಲ್ಲಿ ಔಷಧ ಒದಗಿಸಿದ ಪ್ರಮಾಣದೊಂದಿಗೆ ಹೋಲಿಸಿ, ದಕ್ಷಿಣ ಆಫ್ರಿಕ ಸಾಧ್ಯವಿದ್ದೂ ಉಳಿಸದೆ ಹೋದ ಜೀವಗಳೆಷ್ಟು ಎಂದು ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. 2000ದಿಂದ 2005ರವರೆಗೆ 3,30,000ಕ್ಕೂ ಹೆಚ್ಚು ಜೀವಗಳು. ತಪ್ಪಿಸಬಹುದಾಗಿದ್ದ ಸೋಂಕಿನೊಂದಿಗೆ ಹುಟ್ಟಿದ ಮಕ್ಕಳು 35,000. ಕೇಪ್‌ಟೌನ್ ವಿಶ್ವವಿದ್ಯಾಲಯದ ನಿಕೊಲಿ ನಟ್ರಾಸ್ ಬೇರೊಂದು ವಿಧಾನದಿಂದ 1999ರಿಂದ 2007ರವರೆಗೆ ಎಣಿಸಿದಾಗಲೂ ಸಿಕ್ಕ ಅಂಕಿ ಸುಮಾರು 3,43,000. ಇವು ಅಂದಾಜುಗಳೇ ಹೌದು. ಆದರೆ ಯಾವ ಯುದ್ಧವೂ ನಡೆಯದ ದೇಶದಲ್ಲಿ, ಔಷಧ ಇದ್ದೂ ಕೊಡದೆ ಹೋದದ್ದಕ್ಕೆ ತೆತ್ತ ಬೆಲೆ ಇದು. ಚರ್ಚಾಕೂಟಗಳಲ್ಲಿ ಕುಳಿತವರಲ್ಲಿ ಯಾರೂ ಇದನ್ನು ತೆರಲಿಲ್ಲ. ತೆತ್ತವರು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರು.

ಇದಕ್ಕೆ ಒಂದು ಹಳೆಯ ಜೋಡಿಯಿದೆ. ಸೋವಿಯತ್ ಒಕ್ಕೂಟದಲ್ಲಿ ಟ್ರೊಫಿಮ್ ಲೈಸೆಂಕೊ ಎಂಬ ಕೃಷಿ ತಜ್ಞ, ವಂಶವಾಹಿಗಳ ಶಾಸ್ತ್ರವೆಲ್ಲ ಬಂಡವಾಳಶಾಹಿಗಳ ಕಟ್ಟುಕಥೆ ಎಂದು ಸ್ಟಾಲಿನ್ನನ ಕೃಪೆ ಗಳಿಸಿದ. ಜಗತ್ತಿನ ಮೂಲೆ ಮೂಲೆಗಳಿಂದ ಬೀಜ ಸಂಗ್ರಹಿಸಿ ಲೆನಿನ್‌ಗ್ರಾಡ್‌ನಲ್ಲಿ ಭಂಡಾರ ಕಟ್ಟಿದ್ದ ನಿಕೊಲಾಯ್ ವಾವಿಲೋವ್ ಅವನನ್ನು ವಿರೋಧಿಸಿದರು. 1940ರಲ್ಲಿ ಅವರ ಬಂಧನವಾಯಿತು. ಬರಗಾಲಗಳನ್ನು ನೀಗಬೇಕೆಂದು ಬಾಳಿದ ಆ ಮನುಷ್ಯ 1943ರ ಜನವರಿಯಲ್ಲಿ ಸರಾಟೋವ್ ಸೆರೆಮನೆಯಲ್ಲಿ ಹಸಿವಿನಿಂದ ಸತ್ತರು. 1948ರಲ್ಲಿ ಆ ಶಾಸ್ತ್ರಕ್ಕೇ ನಿಷೇಧ ಬಿತ್ತು. ಲೈಸೆಂಕೊನ ದರ್ಬಾರು ಮುಗಿದದ್ದು 1964ರಲ್ಲಿ ಕ್ರುಶ್ಚೇವ್ ಪದಚ್ಯುತರಾದ ನಂತರವೇ. ಅಷ್ಟರಲ್ಲಿ ಒಂದು ತಲೆಮಾರಿನ ವಿಜ್ಞಾನ ಹಾಳಾಗಿತ್ತು.

ಎರಡೂ ಕಡೆ ಬೇರು ಒಂದೇ: ನ್ಯಾಯವಾದ ಸ್ವಾಭಿಮಾನಕ್ಕೆ ಅಧಿಕಾರ ಸೇರಿ, ಪ್ರಶ್ನಿಸಿದವರೆಲ್ಲ ಪರಕೀಯರ ಏಜೆಂಟರಂತೆ ಕಂಡದ್ದು. ಆದರೆ ಫಲ ಒಂದೇ ಅಲ್ಲ. ಅಲ್ಲಿ ಕತ್ತಲು ಕಾಲು ಶತಮಾನ ಕವಿದಿತ್ತು, ಇಲ್ಲಿ ಎಂಟೊಂಬತ್ತು ವರ್ಷ. ವ್ಯತ್ಯಾಸ ವಿಜ್ಞಾನದಲ್ಲಿರಲಿಲ್ಲ, ವಾವಿಲೋವ್ ಅವರ ವಿಜ್ಞಾನವೂ ಗಟ್ಟಿಯಾದದ್ದೇ. ಅವರಿಗೆ ಹೋಗಲು ನ್ಯಾಯಾಲಯವಿರಲಿಲ್ಲ, ಬರೆಯಲು ಪತ್ರಿಕೆಯಿರಲಿಲ್ಲ, ಬೆನ್ನಿಗೆ ಬೀದಿಗಿಳಿಯುವ ಜನರಿರಲಿಲ್ಲ. ಸತ್ಯ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂಬ ನಂಬಿಕೆ ಚೆಂದ, ಆದರೆ ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ಪ್ರಯೋಗಾಲಯದ ಸತ್ಯಕ್ಕೆ ಹೊರಗೆ ಕಾವಲು ಬೇಕು. ಆ ಕಾವಲು ಸ್ವತಂತ್ರ ನ್ಯಾಯಾಲಯ, ನಿರ್ಭೀತ ಪತ್ರಿಕೆ, ತಿಳಿವಳಿಕೆಯುಳ್ಳ ನಾಗರಿಕರು.

ಹಾಗಾದರೆ ತಜ್ಞರನ್ನು ಪ್ರಶ್ನಿಸಲೇಬಾರದೆ? ಪ್ರಶ್ನಿಸಬೇಕು. ಎಝಡ್‌ಟಿಯ ಬಗ್ಗೆಯೇ ನೋಡಬಹುದು. ಅದು ರಕ್ತಹೀನತೆ ತರುತ್ತದೆಂಬುದು ನಿಜ. ಮೊದಲು ದಿನಕ್ಕೆ 1,500 ಮಿಲಿಗ್ರಾಂ ಇದ್ದ ಪ್ರಮಾಣ ಹೆಚ್ಚಾಯಿತೆಂದು ವೈದ್ಯರೇ ಅಳೆದು 1990ರಲ್ಲಿ 600ಕ್ಕೆ ಇಳಿಸಿದರು. ಉಗಾಂಡದ ಅಧ್ಯಯನದ ದಾಖಲೆಗಳು ಸರಿಯಿಲ್ಲವೆಂಬ ಆಕ್ಷೇಪ ಬಂದಾಗ ಅಮೆರಿಕದ ವೈದ್ಯಕೀಯ ಪರಿಷತ್ತೊಂದು ಎಲ್ಲವನ್ನೂ ಮತ್ತೆ ಪರೀಕ್ಷಿಸಿ, ತೀರ್ಮಾನ ನಂಬಬಹುದಾದದ್ದೆಂದು 2005ರಲ್ಲಿ ಹೇಳಿತು. ಒಂದೇ ಮಾತ್ರೆಯ ನೆವಿರಪಿನ್‌ಗೆ ವೈರಸ್ ಒಗ್ಗಿಕೊಳ್ಳುತ್ತದೆಂಬ ದೋಷವನ್ನು ಕಂಡುಹಿಡಿದವರೂ ವಿಜ್ಞಾನಿಗಳೇ. ಅದರಿಂದ ಇನ್ನೂ ಉತ್ತಮ ಚಿಕಿತ್ಸೆಗಳು ಬಂದವು. ಇದು ಸಂಶಯದ ಆರೋಗ್ಯಕರ ಕೆಲಸ. ಸಂಶಯಿ ಉತ್ತರ ಸಿಕ್ಕಾಗ ಮುಂದಕ್ಕೆ ಹೋಗುತ್ತಾನೆ. ಹಟಮಾರಿ ಉತ್ತರ ಸಿಕ್ಕಾಗ ಪ್ರಶ್ನೆಯನ್ನೇ ಬದಲಾಯಿಸುತ್ತಾನೆ. ಔಷಧ ದುಬಾರಿ ಎಂದವನು ಅದು ಪುಕ್ಕಟೆ ಬಂದಾಗ ವಿಷ ಎನ್ನುತ್ತಾನೆ, ವಿಷವಲ್ಲವೆಂದು ತೋರಿಸಿದಾಗ ವೈರಸ್ಸೇ ಇಲ್ಲ ಎನ್ನುತ್ತಾನೆ. ಜನಸಾಮಾನ್ಯರು ಇವರಿಬ್ಬರನ್ನು ಬೇರ್ಪಡಿಸಿ ನೋಡಲು ವಿಜ್ಞಾನದ ಪದವಿ ಬೇಕಿಲ್ಲ. ಯಾವ ಸಾಕ್ಷ್ಯ ಸಿಕ್ಕರೆ ನಿಮ್ಮ ಮನಸ್ಸು ಬದಲಾಗುತ್ತದೆ ಎಂದು ಕೇಳಿದರೆ ಸಾಕು.

ದಕ್ಷಿಣ ಆಫ್ರಿಕದಲ್ಲಿ ಇಂದು 50 ಲಕ್ಷಕ್ಕೂ ಹೆಚ್ಚು ಜನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದಾರೆ. ಜಗತ್ತಿನಲ್ಲೇ ಅತಿ ದೊಡ್ಡ ಯೋಜನೆ ಅದು. 1990ರ ದಶಕದ ಆರಂಭದಲ್ಲಿ 60 ದಾಟಿದ್ದು 2005ರ ಹೊತ್ತಿಗೆ 55ಕ್ಕಿಂತ ಕೆಳಗಿಳಿದ ಸರಾಸರಿ ಆಯಸ್ಸು ಮತ್ತೆ 60ರ ಮೇಲೇರಿದೆ. 2021ರ ನವೆಂಬರಿನಲ್ಲಿ ಕೊರೊನಾ ವೈರಸ್ಸಿನ ಒಮಿಕ್ರಾನ್ ತಳಿ ಕಾಣಿಸಿಕೊಂಡಾಗ ಜಗತ್ತಿಗೆ ಕೂಡಲೇ ಎಚ್ಚರಿಕೆ ಕೊಟ್ಟದ್ದು ಇದೇ ದೇಶದ ವಿಜ್ಞಾನಿಗಳು. ಎಚ್‌ಐವಿ ಸಂಶೋಧನೆಯಲ್ಲಿ ಪಳಗಿದ ಕೈಗಳು ಅವು. ಹೀಗೆ ಹೇಳಿದ್ದಕ್ಕೆ ಅನೇಕ ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನೇ ನಿಲ್ಲಿಸಿದವು. ಸತ್ಯ ನುಡಿದರೆ ನಷ್ಟವೆಂದು ತಿಳಿದೂ ಸರ್ಕಾರ ಈ ಸಲ ಅದನ್ನು ಮುಚ್ಚಿಡಲಿಲ್ಲ.

ಅಲ್ಲಿನ ಜನ ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಅದರ ಶುಲ್ಕವನ್ನು ಮೂರು ಲಕ್ಷಕ್ಕೂ ಹೆಚ್ಚು ಜನ ಪ್ರಾಣದಿಂದ ಕಟ್ಟಿದ್ದಾರೆ. ಉಳಿದ ದೇಶಗಳಿಗೆ ಅದು ಪುಕ್ಕಟೆ ಸಿಗುತ್ತಿದೆ. ಕಲಿಯದೆ ಹೋದರೆ ಮತ್ತೆ ಶುಲ್ಕ ಕಟ್ಟುವವರು, ಎಂದಿನಂತೆ, ಆಸ್ಪತ್ರೆಯ ಸಾಲಿನಲ್ಲಿ ನಿಂತ ಬಡವರೇ.